ಹಿಮ್ಮಡಿ ಹಿಡಿದು ನಿಲ್ಲಿಸುವ ಬೂಟು: ಎರಡು ಸೀಸನ್ ಬಳಕೆಯ ನಂತರ

ಮಹಿಳೆಯರ ಪಾದದ ಅಚ್ಚಿನ ಮೇಲೆ ತಯಾರಾದ ಫುಟ್‌ಬಾಲ್ ಬೂಟಿನ ಗುಣ ಮೊದಲು ಗೊತ್ತಾಗುವುದು ಹಿಮ್ಮಡಿಯಲ್ಲಿ. ಓಡುತ್ತಿದ್ದವರು ಗಕ್ಕನೆ ನಿಂತು ದಿಕ್ಕು ಬದಲಿಸಿದರೂ ಹಿಮ್ಮಡಿ ಮೇಲೇಳುವುದಿಲ್ಲ. ಗಂಡಸರ ಬೂಟಿನ ಚಿಕ್ಕ ಸೈಜಿನಲ್ಲೇ ಆಡಿಕೊಂಡು ಬಂದವರಿಗೆ ಇದೊಂದು ಸಾಕು, ಹಳೆಯದನ್ನು ಮತ್ತೆ ಮುಟ್ಟುವುದಿಲ್ಲ. ಎರಡು ಸೀಸನ್ ಕಳೆದ ಮೇಲೂ ಇದರ ದೊಡ್ಡ ಗುಣ ಅದೇ. ತೂಕ, ಬಣ್ಣ, ಮೇಲ್ಭಾಗದ ಬಟ್ಟೆಯ ಹೆಸರು ಎಲ್ಲ ಡಬ್ಬದ ಮೇಲೇ ಇವೆ, ಅವನ್ನು ಬಿಡೋಣ.

ಸಾಮಾನ್ಯವಾಗಿ ಹೆಂಗಸರ ಪಾದದಲ್ಲಿ ಮುಂಗಾಲಿಗೆ ಹೋಲಿಸಿದರೆ ಹಿಮ್ಮಡಿ ಸಪೂರ. ಗಂಡಸರ ಅಚ್ಚನ್ನೇ ಕುಗ್ಗಿಸಿದರೆ ಮುಂಭಾಗ ಸರಿಹೋದ ಸೈಜಿನಲ್ಲಿ ಹಿಂಭಾಗ ಸಡಿಲ, ಹಿಂಭಾಗ ಸರಿಹೋದ ಸೈಜಿನಲ್ಲಿ ಕಿರುಬೆರಳಿಗೆ ಉಸಿರಾಡಲು ಜಾಗವಿಲ್ಲ. ಸಡಿಲ ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತದೆ. ಅದಕ್ಕೆಂದು ಲೇಸು ಎಳೆದು ಕಟ್ಟಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಹಾಗೇ ಬಿಟ್ಟರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಬೂಟು ಕಚ್ಚಿದರೆ ಆಡುವವಳ ಕಾಲೇ ಸರಿಯಿಲ್ಲ ಎನ್ನುವವರು ಇನ್ನೂ ಇದ್ದಾರೆ. ಯುರೋಪಿಯನ್ ಕ್ಲಬ್ ಅಸೋಸಿಯೇಷನ್ ಅಲ್ಲಿನ ಉನ್ನತ ಮಟ್ಟದ ಆಟಗಾರ್ತಿಯರನ್ನು ಕೇಳಿದ್ದ ಸಮೀಕ್ಷೆ 2023ರಲ್ಲಿ ಹೊರಬಂದಾಗ, ಸುಮಾರು 350 ಮಂದಿಯಲ್ಲಿ ಶೇ. 82ರಷ್ಟು ಜನ ಬೂಟಿನಿಂದ ನೋವೋ ಕಿರಿಕಿರಿಯೋ ಆಗುತ್ತದೆ ಎಂದಿದ್ದರು. ಇಷ್ಟು ಕಾಲುಗಳೂ ತಪ್ಪಿರಲಾರವು.

ಕೊಳ್ಳುವಾಗ ಎಲ್ಲರೂ ಹೆಬ್ಬೆರಳ ತುದಿ ಒತ್ತಿ ನೋಡಿ ಮುಗಿಸುತ್ತಾರೆ. ಅದಕ್ಕೂ ಮೊದಲು ಹಿಮ್ಮಡಿ ನೋಡಬೇಕು. ಸಂಜೆ ಹೊತ್ತಿಗೆ ಪಾದ ತುಸು ಊದಿರುತ್ತದೆ, ಆಗಲೇ ಹೋಗಿ. ಆಡುವಾಗಿನ ಕಾಲುಚೀಲವೇ ಕಾಲಲ್ಲಿರಲಿ. ಎರಡೂ ಪಾದವನ್ನು ನಿಂತುಕೊಂಡು ಅಳೆದು, ಉದ್ದದ ಪಾದಕ್ಕೆ ಸೈಜು ಆರಿಸಿ. ಬೂಟು ಹಾಕಿ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಬೆರಳ ಕಡೆಯಿಂದ ಮೇಲಕ್ಕೆ ಲೇಸು ಬಿಗಿಯುತ್ತ ಬನ್ನಿ. ಈಗ ತುದಿಗಾಲಲ್ಲಿ ನಿಂತು ನೋಡಿ, ನಾಲ್ಕು ಹೆಜ್ಜೆ ಓಡಿ ಒಮ್ಮೆಲೇ ನಿಂತು ನೋಡಿ. ಹಿಮ್ಮಡಿ ಎದ್ದರೆ ಆ ಅಚ್ಚು ನಿಮ್ಮ ಕಾಲಿನದಲ್ಲ. ಅರ್ಧ ಸೈಜು ಇಳಿಸಿದರೆ ಸರಿಹೋದೀತು ಎಂಬ ಆಸೆ ಬೇಡ. ಯುಕೆ ಅಳತೆಯಲ್ಲಿ ಅರ್ಧ ಸೈಜೆಂದರೆ ಉದ್ದದಲ್ಲಿ ಸುಮಾರು 4 ಮಿ.ಮೀ. ಅಷ್ಟೆ. ಹಿಮ್ಮಡಿಯ ಅಗಲ ಹೆಚ್ಚೇನೂ ಬದಲಾಗದು, ಬೆರಳು ಮಾತ್ರ ತುದಿಗೆ ತಾಗುತ್ತದೆ.

ಹಿಮ್ಮಡಿ ಪಾಸಾದ ಮೇಲೆ ಮುಂಭಾಗ. ಬೆರಳ ಮುಂದೆ 5ರಿಂದ 8 ಮಿ.ಮೀ. ಜಾಗ ಸಾಕು. ಒಳಗಿನ ಇನ್‌ಸೋಲ್ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಂತರೆ ಅಗಲದ ಗುಟ್ಟು ತಿಳಿಯುತ್ತದೆ: ಕಿರುಬೆರಳು ಅಂಚಿನಿಂದ ಆಚೆ ಚಾಚಿದ್ದರೆ ಬೂಟು ಕಿರಿದು. ಕೃತಕ ಬಟ್ಟೆ ಅಷ್ಟಾಗಿ ಹಿಗ್ಗುವುದಿಲ್ಲ, ಚರ್ಮವಾದರೆ ಸ್ವಲ್ಪ ಸಡಿಲವಾಗುತ್ತದೆ. ಗಟ್ಟಿ ನೆಲದ ಮೇಲೆ ಐದು ನಿಮಿಷ ನಿಂತಾಗ ಅಂಗಾಲಿಗೆ ಸ್ಟಡ್‌ಗಳು (ಬೂಟಿನ ಅಡಿಯ ಮುಳ್ಳುಗಳು) ಬೆಣಚುಕಲ್ಲಿನಂತೆ ಚುಚ್ಚಿದರೆ ಮರಳಿ ಡಬ್ಬಕ್ಕೆ ಹಾಕಿ, ಮೈದಾನದಲ್ಲಿ ಅದು ಕಡಿಮೆಯಾಗುತ್ತದೆಂದು ನಂಬಬೇಡಿ.

ಈ ಹಿಡಿತ ಉಳಿಯುವುದು ಬಿಚ್ಚುವ ರೀತಿಯ ಮೇಲೆ. ದಣಿದಾಗ ಒಂದು ಕಾಲಿನ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ ಕಳಚುವುದು ಎಲ್ಲರ ಅಭ್ಯಾಸ. ಹಿಮ್ಮಡಿಯನ್ನು ಹಿಡಿದಿಡುವ ಒಳಗಿನ ಗಟ್ಟಿ ಬಟ್ಟಲು ಮಡಚಿಕೊಳ್ಳುವುದು ಅದರಿಂದಲೇ. ಲೇಸನ್ನು ಪೂರ್ತಿ ಸಡಿಲಿಸಿ, ನಾಲಿಗೆ ಮುಂದಕ್ಕೆಳೆದು, ಕೈಯಿಂದ ಬಿಚ್ಚಿ. ಇನ್‌ಸೋಲ್ ಹೊರಗಿಟ್ಟು, ಸ್ಟಡ್‌ಗಳ ನಡುವಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಒಳಗೆ ವೃತ್ತಪತ್ರಿಕೆ ತುರುಕಿ ನೆರಳಿನಲ್ಲಿಡಿ. ಒಂದೆರಡು ಗಂಟೆಯಲ್ಲಿ ಕಾಗದ ಒದ್ದೆಯಾಗುತ್ತದೆ, ಬದಲಿಸಿ. ಬಿಸಿಲಿಗಿಟ್ಟರೆ ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ. ಹೀಗೆ ನೋಡಿಕೊಂಡ ಜೋಡಿಯ ಹಿಂಭಾಗ ಎರಡು ಸೀಸನ್ ಆದರೂ ಹೆಬ್ಬೆರಳಿಂದ ಒತ್ತಿದರೆ ಬಗ್ಗುವುದಿಲ್ಲ.

ಇಲ್ಲಿಯವರೆಗಿನ ಮೆಚ್ಚುಗೆ ಮಕ್ಕಳ ಸೈಜಿಗೆ ಬಂದಾಗ ನಿಂತುಬಿಡುತ್ತದೆ. ಜೂನಿಯರ್ ಬೂಟುಗಳಲ್ಲಿ ಹೆಚ್ಚಿನವು ಹುಡುಗ ಹುಡುಗಿ ಇಬ್ಬರಿಗೂ ಒಂದೇ ಅಚ್ಚಿನವು, ಅಗಲದ ಆಯ್ಕೆಯಂತೂ ಅಪರೂಪ. ಹನ್ನೆರಡರ ಹುಡುಗಿಗೆ ಮಹಿಳೆಯರ ಸೈಜು ದೊಡ್ಡದು, ಜೂನಿಯರ್ ಹಿಮ್ಮಡಿ ಸಡಿಲ. ನಿಜಕ್ಕೂ ಬೇಸರದ ವಿಷಯ ಇದು, ಆಟ ಕಲಿಯುವ ವಯಸ್ಸಿನವರೇ ಸರಿಯಾದ ಬೂಟಿಲ್ಲದೆ ಆಡುತ್ತಾರೆ. ಸದ್ಯಕ್ಕಿರುವ ದಾರಿ ಮೇಲಿನ ಹೆಚ್ಚುವರಿ ತೂತು. ಅದೇ ಬದಿಯ ಎರಡು ತೂತುಗಳ ನಡುವೆ ಲೇಸಿನ ಕುಣಿಕೆ ಬಿಟ್ಟು, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿದರೆ ಹಿಮ್ಮಡಿ ಸಾಕಷ್ಟು ನಿಲ್ಲುತ್ತದೆ.

ಬೆಳೆಯುವ ಕಾಲೆಂದು ಎರಡು ಸೈಜು ದೊಡ್ಡದು ಕೊಂಡು ಎರಡು ಜೊತೆ ಕಾಲುಚೀಲ ಹಾಕಿಸುವುದು ದಯವಿಟ್ಟು ಬೇಡ. ಚೀಲದ ಮೇಲೆ ಚೀಲ ಜಾರುತ್ತದೆ, ಪಾದ ತಿರುಗುತ್ತದೆ. ಮುಂದೆ 10 ಮಿ.ಮೀ.ವರೆಗೆ ಜಾಗವಿರಲಿ, ಎರಡು ಮೂರು ತಿಂಗಳಿಗೊಮ್ಮೆ ಅಳೆಯಿರಿ. ಬಜೆಟ್ ಬಿಗಿಯಿದ್ದರೆ ಮೇಲಿನ ದರ್ಜೆಯ ಒಂದು ಜೋಡಿಗಿಂತ ಸಾಧಾರಣ ದರ್ಜೆಯವನ್ನು ಕಾಲಕಾಲಕ್ಕೆ ಬದಲಿಸುವುದೇ ಒಳ್ಳೆಯದು. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಬೆರಳ ಬುಡದಲ್ಲಿ ಮಡಚಬೇಕು, ಪಾದದ ಮಧ್ಯದಲ್ಲಲ್ಲ. 8ರಿಂದ 14ರ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಗಟ್ಟಿ ನೆಲ, ತೆಳು ಇನ್‌ಸೋಲ್, ಮೇಲಿಂದ ಮೇಲೆ ಅಭ್ಯಾಸ ಸೇರಿದರೆ ಅಲ್ಲಿ ನೋವು ಬರುತ್ತದೆ. ಆಟ ಮುಗಿಸಿದ ಮಗು ಕುಂಟುತ್ತಿದ್ದರೆ ವೈದ್ಯರಿಗೆ ತೋರಿಸಿ.

ಸ್ಟಡ್ ಬಗ್ಗೆ ಒಂದೇ ಮಾತು. ಕೃತಕ ಹುಲ್ಲಿಗೆ ಅದಕ್ಕೆಂದೇ ಮಾಡಿದ ಎಜಿ (ಆರ್ಟಿಫಿಷಿಯಲ್ ಗ್ರೌಂಡ್) ಅಡಿಯೇ ಬೇಕು, ಅದರಲ್ಲಿ ಸ್ಟಡ್‌ಗಳು ಗಿಡ್ಡ, ಸಂಖ್ಯೆ ಹೆಚ್ಚು. ಸಹಜ ಹುಲ್ಲಿಗೆ ಮಾಡಿದ ಉದ್ದ ಸ್ಟಡ್‌ನ ಎಫ್‌ಜಿ (ಫರ್ಮ್ ಗ್ರೌಂಡ್) ಅಡಿ ಅಲ್ಲಿ ಸಿಕ್ಕಿಕೊಂಡರೆ ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಏಟು ಮೊಣಕಾಲಿಗೆ. ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವ ಎಸಿಎಲ್ ಗಾಯದ ಅಪಾಯ ಹೆಂಗಸರಿಗೆ ಮೊದಲೇ ಹೆಚ್ಚು.

ಬದಲಿಸುವ ಹೊತ್ತನ್ನೂ ಹಿಮ್ಮಡಿಯೇ ಹೇಳುತ್ತದೆ. ಒಳಗಿನ ಅಸ್ತರು ಸವೆದು ಗಟ್ಟಿ ಪ್ಲಾಸ್ಟಿಕ್ ಬೆರಳಿಗೆ ತಾಗಿದರೆ, ಸ್ಟಡ್ ಎಷ್ಟೇ ಉಳಿದಿರಲಿ, ಆ ಜೋಡಿಯಲ್ಲಿ ಮುಂದಿನ ಪಂದ್ಯ ಆಡಬೇಡಿ.