ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2: ಗುಂಪಿನ ಕ್ಯಾಂಪಿಂಗ್‌ಗೆ ಈ ಗಾಳಿ ದೋಣಿ ಸಾಕಾಗುತ್ತದೆಯೇ?

ಆರೇಳು ಜನ ಸೇರಿ ದೋಣಿಯಲ್ಲಿ ಹೋಗಬೇಕು, ದಡದಲ್ಲಿ ಟೆಂಟು ಹಾಕಿ ಒಂದು ರಾತ್ರಿ ಇದ್ದು ಬರಬೇಕು, ಖರ್ಚೂ ಕೈ ಮೀರಬಾರದು ಎನ್ನುವವರ ಕಣ್ಣು ಈ ಹಳದಿ ದೋಣಿಯ ಮೇಲೆ ಬಿದ್ದೇ ಬೀಳುತ್ತದೆ. ದೋಣಿ, ಎರಡು ಸೀಟು, ಎರಡು ಅಲ್ಯೂಮಿನಿಯಂ ಹುಟ್ಟು, ಕೈಪಂಪು, ಕಳಚಿ ಜೋಡಿಸುವ ಸ್ಕೆಗ್ (ದೋಣಿ ನೇರ ಸಾಗಲೆಂದು ತಳಕ್ಕೆ ಸಿಕ್ಕಿಸುವ ರೆಕ್ಕೆ) ಎಲ್ಲವೂ ಒಂದೇ ಡಬ್ಬದಲ್ಲಿ ಬರುತ್ತವೆ. ಮಡಚಿದರೆ ಕಾರಿನ ಡಿಕ್ಕಿಯಲ್ಲಿ ಕೂರುತ್ತದೆ. ಗಟ್ಟಿ ದೋಣಿಗಳಾದರೆ ಕಾರಿನ ಮೇಲೆ ಕ್ಯಾರಿಯರ್ ಬೇಕು, ಇಲ್ಲವೇ ಬೇರೆ ಗಾಡಿಯೇ ಬೇಕು. ಆ ಸಾಗಾಟದ ಖರ್ಚು ಉಳಿಯುವುದೇ ಇದರ ಅಸಲಿ ಲಾಭ. ಆದರೆ ಡಬ್ಬದ ಮೇಲಿನ ‘ಇಬ್ಬರು, 180 ಕೆಜಿ’ ಎಂಬ ಮಾತನ್ನೇ ನೆಚ್ಚಿಕೊಂಡು ‘ಆರು ಜನಕ್ಕೆ ಮೂರು ದೋಣಿ’ ಎಂದು ಲೆಕ್ಕ ಹಾಕಿದರೆ ಪ್ರವಾಸ ದಡದಲ್ಲೇ ಎಡವುತ್ತದೆ.

ಯಾಕೆಂದರೆ 180 ಎಂಬುದು ಗರಿಷ್ಠ ಮಿತಿ, ಆರಾಮಾಗಿ ಹೊರುವ ಭಾರವಲ್ಲ. ಅಷ್ಟು ತುಂಬಿದರೆ ದೋಣಿ ತಗ್ಗಿ ಕೂರುತ್ತದೆ, ಸಣ್ಣ ಅಲೆಯೂ ಒಳಗೆ ಬರುತ್ತದೆ, ಹುಟ್ಟು ಹಾಕಿದಷ್ಟೂ ಕೈ ಸೋಲುತ್ತದೆಯೇ ಹೊರತು ದಡ ಹತ್ತಿರ ಬರುವುದಿಲ್ಲ. 140 ಕೆಜಿಯಲ್ಲಿ ನಿಲ್ಲಿಸುವುದು ಒಳ್ಳೆಯದು. ತಲಾ 65 ಕೆಜಿಯ ಇಬ್ಬರು ಕೂತರೆ ಉಳಿಯುವುದು ಬರೀ 10 ಕೆಜಿ. ಟೆಂಟು, ಹಾಸಿಗೆ, ಸ್ಟವ್, ಊಟದ ಸಾಮಾನು ಅದರಲ್ಲಿ ಹಿಡಿಯುವುದಿಲ್ಲ. ಒಂದು ರಾತ್ರಿಯ ಪ್ರವಾಸಕ್ಕೆ ಆರು ಜನರಿದ್ದರೆ ನಾಲ್ಕು ದೋಣಿ ಬೇಕು: ಎರಡರಲ್ಲಿ ಇಬ್ಬಿಬ್ಬರು, ಇನ್ನೆರಡರಲ್ಲಿ ಒಬ್ಬೊಬ್ಬರು ಮತ್ತು ಎಲ್ಲರ ಸಾಮಾನು. ಒಬ್ಬರೇ ಕೂರುವಾಗ ಹಿಂದಿನ ಸೀಟನ್ನು ನಡುವಿನ ಕಡೆಗೆ ಸರಿಸಿ, ಭಾರದ ಚೀಲಗಳನ್ನು ಕಾಲಿನ ಮುಂದೆಯೂ ಬೆನ್ನ ಹಿಂದೆಯೂ ಹಂಚಿಡಿ. ಮೂತಿ ಮೇಲೆದ್ದರೆ ಗಾಳಿ ಅದನ್ನು ಹಿಡಿದು ತಿರುಗಿಸುತ್ತದೆ, ಮೂತಿ ಮುಳುಗಿದರೆ ದೋಣಿ ಅಡ್ಡಾಡುತ್ತದೆ. ಹಿಂಭಾಗ ಕೂದಲೆಳೆಯಷ್ಟು ಭಾರವಿದ್ದರೆ ಸರಿ.

ಸಾಮಾನಿನಲ್ಲಿ ಭಾರ ಹೆಚ್ಚಾಗುವುದು ನೀರಿನಿಂದ. ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ ತಲಾ 4 ಲೀಟರ್ ಎಂದರೆ ಆರು ಜನರ ಎರಡು ದಿನಕ್ಕೆ 48 ಕೆಜಿ. ಅಷ್ಟನ್ನೂ ಹೊರುವ ಬದಲು ಮೊದಲ ದಿನದ್ದನ್ನು ಮಾತ್ರ ಒಯ್ದು, ಮಿಕ್ಕಿದ್ದನ್ನು ಅಲ್ಲೇ ಸೋಸಿ ಕುದಿಸಿಕೊಳ್ಳಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ. ಕಾರ್ಖಾನೆ ತ್ಯಾಜ್ಯವೋ ಗದ್ದೆಯ ಔಷಧಿಯೋ ಸೇರುವ ನೀರಾದರೆ ಮಾತ್ರ ಕುದಿಸಿ ಪ್ರಯೋಜನವಿಲ್ಲ, ಪೂರ್ತಿ ಹೊತ್ತೇ ಹೋಗಬೇಕು.

ಈಗ ದೋಣಿಯ ಒಡಲಿಗೆ ಬರೋಣ. ಉಬ್ಬಿಸಿದಾಗ ಉದ್ದ 312 ಸೆಂ.ಮೀ., ಅಗಲ 91. ಪಕ್ಕಕ್ಕೆ ಎರಡು ಗಾಳಿಕೋಣೆ, ತಳಕ್ಕೆ ಒಂದು. ತಳದ ಒಳಗೆ ಸಾಲು ಸಾಲಾಗಿ ಬೆಸೆದ ವಿನೈಲ್ ಪಟ್ಟಿಗಳಿವೆ, ತಳವನ್ನು ಸಮತಟ್ಟಾಗಿ ಹಿಡಿಯುವುದು ಅವೇ. ಹೆಚ್ಚಿನವರು ಹೆದರುವುದು ಕಲ್ಲು, ಮುಳ್ಳಿಗೆ. ಆದರೆ ಇಂಥ ದೋಣಿಗಳನ್ನು ನಿಜಕ್ಕೂ ಕೊಲ್ಲುವುದು ಮಧ್ಯಾಹ್ನದ ಬಿಸಿಲು. ಇವುಗಳಲ್ಲಿ ತುಂಬುವ ಒತ್ತಡ ಅರ್ಧ ಪಿಎಸ್‌ಐ ಆಸುಪಾಸು, ಅಂದರೆ 0.035 ಬಾರ್. ಬೆಳಿಗ್ಗೆ 15 ಡಿಗ್ರಿಯಲ್ಲಿ ತುಂಬಿದ ಗಾಳಿ ಬಿಸಿಲಲ್ಲಿ 45 ಡಿಗ್ರಿಗೆ ಏರಿದರೆ ಒಟ್ಟು ಒತ್ತಡ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಶೇ. 10 ಅಷ್ಟೇ ತಾನೇ ಅನಿಸಬಹುದು. ಆದರೆ ಅದು ಸುತ್ತಲಿನ ವಾತಾವರಣದ ಒತ್ತಡವೂ ಸೇರಿದ ಮೊತ್ತದ ಮೇಲಿನ ಏರಿಕೆ, ಹೆಚ್ಚೂಕಮ್ಮಿ 0.1 ಬಾರ್. ದೋಣಿ ತಡೆಯಬೇಕಾದ ಒತ್ತಡದ ಎದುರು ಅದು ಮೂರು ಪಟ್ಟು. ವಿನೈಲ್ ಹಿಗ್ಗಿ ಒಂದಷ್ಟನ್ನು ನುಂಗುತ್ತದೆ, ಮಿಕ್ಕಿದ್ದೆಲ್ಲ ಬೆಸುಗೆಯ ಮೇಲೆ. ತಳದ ಪಟ್ಟಿಯ ಬೆಸುಗೆ ಒಂದು ಕಡೆ ಬಿಟ್ಟಿತೋ, ಅಲ್ಲಿ ತಳ ದಿಂಬಿನಂತೆ ಉಬ್ಬುತ್ತದೆ. ಒಳಗಿನ ಆ ಹರಕಿಗೆ ಹೊರಗಿನಿಂದ ಪ್ಯಾಚ್ ಹಾಕಲು ಬರುವುದಿಲ್ಲ. ಆದ್ದರಿಂದ ಊಟಕ್ಕೆಂದು ದಡ ಸೇರಿದ ಕೂಡಲೇ ದೋಣಿಯನ್ನು ನೆರಳಿಗೆ ಎತ್ತಿಡಿ. ನೆರಳಿಲ್ಲವಾದರೆ ಮೂರೂ ಕೋಣೆಗಳಿಂದ ಸ್ವಲ್ಪ ಗಾಳಿ ಬಿಡಿ, ಹೊರಡುವಾಗ ಮತ್ತೆ ತುಂಬಿ. ತಣ್ಣನೆಯ ನೀರಿಗೆ ಇಳಿಸಿದಾಗ ಇದರ ತಿರುವುಮುರುವು: ದಡದಲ್ಲಿ ಬಿಗಿಯಾಗಿದ್ದದ್ದು ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಅದು ತೂತಲ್ಲ. ಐದು ನಿಮಿಷ ತೇಲಿಸಿ, ನಾಲ್ಕು ಸಲ ಪಂಪು ಒತ್ತಿ, ಆಮೇಲೆ ಹತ್ತಿ.

ತುಂಬುವ ಕ್ರಮ ಕೈಪಿಡಿಯಲ್ಲಿರುವಂತೆಯೇ ಇರಲಿ. ನಿಧಾನಕ್ಕೆ ಸೋರುತ್ತಿದೆ ಎನ್ನಿಸಿದರೆ ಮೊದಲು ವಾಲ್ವಿನ ಮುಚ್ಚಳ ಬಿಚ್ಚಿ ನೋಡಿ. ಅದರ ತೆಳು ಪೊರೆಯ ಅಡಿ ಒಂದು ಮರಳ ಕಣ ಸಿಕ್ಕಿಕೊಂಡಿದ್ದರೂ ರಾತ್ರಿ ಬೆಳಗಾಗುವುದರಲ್ಲಿ ದೋಣಿ ಬಾಡಿರುತ್ತದೆ. ಒದ್ದೆ ಬೆರಳಲ್ಲಿ ಒರೆಸಿದರೆ ಸರಿಹೋಗುತ್ತದೆ. ನಿಜವಾದ ತೂತಾದರೆ ಸೋಪಿನ ನೀರು ಬಳಿದು ಗುಳ್ಳೆ ಬರುವ ಜಾಗ ಗುರುತಿಸಿ, ಗಾಳಿ ಪೂರ್ತಿ ಬಿಟ್ಟು, ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ. ಪ್ಯಾಚನ್ನು ಮೂಲೆಗಳಿಲ್ಲದಂತೆ ದುಂಡಗೆ ಕತ್ತರಿಸಿ, ತೂತಿನ ಸುತ್ತ ಕನಿಷ್ಠ ಎರಡು ಬೆರಳಗಲ ಹೆಚ್ಚಿರಲಿ. ವಿನೈಲ್‌ಗೆಂದೇ ಬರುವ ಅಂಟು ಬೇಕು, ಸೈಕಲ್ ಟ್ಯೂಬಿನ ಸಲ್ಯೂಷನ್ ಇದರ ಮೇಲೆ ಹಿಡಿಯುವುದಿಲ್ಲ. ನಾಲ್ಕು ದೋಣಿಯ ಗುಂಪಿಗೆ ಎರಡು ಪಂಪು ಸಾಕು, ಆದರೆ ಅವೆರಡೂ ಒಂದೇ ದೋಣಿಯಲ್ಲಿ ಇರಬಾರದು.

ಜೊತೆಗೆ ಬರುವ ಹುಟ್ಟು ಈ ಸೆಟ್ಟಿನ ದುರ್ಬಲ ಅಂಗ. 86 ಇಂಚು, ಅಂದರೆ 218 ಸೆಂ.ಮೀ. ಉದ್ದ. ಇಷ್ಟು ಅಗಲದ ದೋಣಿಗೆ 230–240 ಇರಬೇಕಿತ್ತು. ಗಿಡ್ಡ ಹುಟ್ಟಿನಲ್ಲಿ ಗೆಣ್ಣುಗಳು ಅಂಚಿಗೆ ಉಜ್ಜುತ್ತವೆ, ನೀರು ತೊಡೆಯ ಮೇಲೆ ಸುರಿಯುತ್ತದೆ. ದುಡ್ಡು ಸೇರಿಸಬೇಕೆಂದಿದ್ದರೆ ಸಾಮಾನಿನ ದೋಣಿಗಳಿಗೆ ಮಾತ್ರ ಉದ್ದದ ಹುಟ್ಟು ಕೊಳ್ಳಿ. ಸ್ಕೆಗ್ ಇಲ್ಲದೆ ದೋಣಿ ಗಿರಗಿರನೆ ತಿರುಗುತ್ತದೆ, ಆದರೆ ಮೊಣಕಾಲಿಗಿಂತ ಕಡಿಮೆ ನೀರಿದ್ದಲ್ಲಿ ಅದು ಕಲ್ಲಿಗೆ ತಾಗಿ ತಳವನ್ನೇ ಎಳೆಯುತ್ತದೆ. ದಡ ಹತ್ತಿರವಾದಾಗ ಇಳಿದು ನಡೆಯಿರಿ.

ವೇಗದ ವಿಷಯದಲ್ಲಿ ಆಸೆ ಬೇಡ. ನಿಂತ ನೀರಿನಲ್ಲಿ, ಗಾಳಿಯಿಲ್ಲದಾಗ, ಗಂಟೆಗೆ 3 ಕಿ.ಮೀ. ಸಿಕ್ಕರೆ ಚೆನ್ನ. ಗುಂಪಿನ ವೇಗ ಎಲ್ಲರಿಗಿಂತ ಹಿಂದಿರುವವರ ವೇಗ. ದಿನಕ್ಕೆ 8 ಕಿ.ಮೀ. ಎಂದಿಟ್ಟುಕೊಂಡು ಯೋಜನೆ ಮಾಡಿ. ದೋಣಿ ಹಗುರ, ಅಂಚು ಎತ್ತರ, ಹೀಗಾಗಿ ಎದುರುಗಾಳಿಗೆ ಬಲೂನಿನಂತೆ ಸಿಕ್ಕಿಬೀಳುತ್ತದೆ. ಗಂಟೆಗೆ 12–19 ಕಿ.ಮೀ. ಗಾಳಿಯಲ್ಲಿ ಅಲೆಗಳ ತಲೆ ಅಲ್ಲಲ್ಲಿ ಒಡೆದು ಬಿಳಿ ನೊರೆ ಕಾಣತೊಡಗುತ್ತದೆ. ಆ ಬಿಳಿ ಕಂಡಿತೆಂದರೆ ಅಂದಿನ ಹುಟ್ಟು ಹಾಕುವ ಕೆಲಸ ಮುಗಿಯಿತು, ದಡ ಹಿಡಿಯಿರಿ. ಬಿಸಿಲೇರಿದಂತೆ ಗಾಳಿಯೂ ಏಳುವುದರಿಂದ ಬೆಳಕು ಹರಿಯುತ್ತಲೇ ಹೊರಟು, ಅರ್ಧಕ್ಕಿಂತ ಹೆಚ್ಚು ದಾರಿಯನ್ನು ಹತ್ತು ಗಂಟೆಯೊಳಗೆ ಮುಗಿಸುವುದು ಜಾಣತನ. ದೊಡ್ಡ ಕೆರೆಯಾದರೂ ನಡುಮಧ್ಯ ಹಾಯದೆ ದಡದ ಗುಂಟವೇ ಸಾಗಿ. ಕಲ್ಲುಬಂಡೆಗಳ ರಭಸದ ಹೊಳೆಗೆ ಈ ದೋಣಿ ಸಲ್ಲುವುದೇ ಇಲ್ಲ.

ಡಬ್ಬದಲ್ಲಿ ಲೈಫ್ ಜಾಕೆಟ್ ಬರುವುದಿಲ್ಲ. ಬಜೆಟ್ಟಿನಲ್ಲಿ ಮೊದಲ ಸಾಲು ಅದಕ್ಕೇ ಮೀಸಲಿಡಿ, ದೋಣಿ ಎರಡನೆಯದು. ಹಾಕಿ ಬಿಗಿದು, ಬೇರೊಬ್ಬರಿಂದ ಎರಡೂ ಭುಜದ ಪಟ್ಟಿ ಮೇಲಕ್ಕೆ ಎಳೆಸಿ. ಕಿವಿಯವರೆಗೆ ಜಾರಿದರೆ ಆ ಅಳತೆ ನಿಮ್ಮದಲ್ಲ. ಪ್ರತಿಯೊಬ್ಬರ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿ: ಒಂದು ಸಲ ಊದಿದರೆ ‘ಇತ್ತ ನೋಡಿ’, ಮೂರು ಸಲ ಊದಿದರೆ ‘ಅಪಾಯ’. ಅನುಭವವಿರುವ ಇಬ್ಬರಲ್ಲಿ ಒಬ್ಬರು ಎಲ್ಲರಿಗಿಂತ ಮುಂದೆ, ಇನ್ನೊಬ್ಬರು ಎಲ್ಲರಿಗಿಂತ ಹಿಂದೆ.

ಕೊಳ್ಳುವುದೋ ಬಾಡಿಗೆಯೋ ಎಂಬುದು ಸರಳ ಭಾಗಾಕಾರ. ದೋಣಿಯ ಬೆಲೆಯನ್ನು ನಿಮ್ಮ ಕಡೆಯ ಒಂದು ದಿನದ ಬಾಡಿಗೆಯಿಂದ ಭಾಗಿಸಿ. ಐದು ಬಂದರೆ, ಮೂರನೆಯ ಎರಡು ದಿನದ ಪ್ರವಾಸದಲ್ಲಿ ದುಡ್ಡು ಹುಟ್ಟುತ್ತದೆ. ವರ್ಷಕ್ಕೊಮ್ಮೆ ಹೋಗುವ ಗುಂಪಿಗೆ ಬಾಡಿಗೆಯೇ ಮೇಲು. ಮೂರು ಇಂಥ ದೋಣಿ ಕೊಂಡು, ಸಾಮಾನಿಗೆಂದು ಒಂದೇ ಒಂದು ಗಟ್ಟಿ ಕನೂ (ಮೇಲೆ ತೆರೆದಿರುವ ಉದ್ದನೆಯ ದೋಣಿ) ಬಾಡಿಗೆಗೆ ತರುವುದು ನಮ್ಮ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಜೋಡಣೆ. ಟೆಂಟು, ನೀರು, ಸ್ಟವ್ ಅದರಲ್ಲಿ ಹೋದರೆ ಗಾಳಿ ದೋಣಿಗಳು ಹಗುರಾಗುತ್ತವೆ.

ರಾತ್ರಿ ದೋಣಿಗಳನ್ನು ನೀರಂಚಿನಿಂದ ದೂರ, ಎತ್ತರದ ಜಾಗಕ್ಕೆ ತಂದು ಕವುಚಿ ಮರಕ್ಕೆ ಕಟ್ಟಿ. ಗಾಳಿ ಬೀಸಿದರೆ ಇಷ್ಟು ಹಗುರದ ದೋಣಿ ಸದ್ದಿಲ್ಲದೆ ನೀರು ಸೇರುತ್ತದೆ. ಮನೆಗೆ ಬಂದ ಮೇಲೆ ತಳದ ಸಾಲುಗಳ ನಡುವೆ ನಿಂತ ನೀರನ್ನು ಸ್ಪಂಜಿನಿಂದ ಹೀರಿ, ಉಬ್ಬಿಸಿಯೇ ನೆರಳಲ್ಲಿ ಒಂದು ದಿನ ಬಿಡಿ. ಹುಟ್ಟಿನ ಕೀಲುಗಳನ್ನು ಬಿಚ್ಚಿ ಮರಳು ತೊಳೆಯಿರಿ, ಇಲ್ಲದಿದ್ದರೆ ಮುಂದಿನ ಸಲ ಅವು ಕಚ್ಚಿಕೊಂಡಿರುತ್ತವೆ. ಮಡಿಕೆಗಳ ಮೇಲೆ ಒಂದಿಷ್ಟು ಟಾಲ್ಕಂ ಪೌಡರ್ ಉದುರಿಸಿ ಸಡಿಲವಾಗಿ ಸುತ್ತಿಡಿ. ಪ್ರತಿ ಸಲ ಬೇರೆ ಬೇರೆ ಗೆರೆಯಲ್ಲಿ ಮಡಚಿ, ವಿನೈಲ್ ಬಿರಿಯುವುದು ಒಂದೇ ಮಡಿಕೆ ಮತ್ತೆ ಮತ್ತೆ ಬಿದ್ದ ಕಡೆ.