ಲಕ್ಕುಂಡಿ: ಗೈಡ್ ಅಜ್ಜಾರಿಗೆ ಐದಕ್ಕೆ ಐದು, ಆಟೋಕ್ಕೆ ಒಂದು

ಆಟೋದ ಕಥೆ ಮೊದಲು ಮುಗಿಸಿಬಿಡುತ್ತೇನೆ. ಗದಗದಿಂದ ಲಕ್ಕುಂಡಿ ಸುಮಾರು 12 ಕಿಲೋಮೀಟರ್. "ಒಂದ್ ತಾಸಿನ್ಯಾಗ ಎಲ್ಲಾ ತೋರಿಸ್ತೀನ್ರಿ" ಅಂದವನು ಮೊದಲನೇ ಗುಡಿ ಮುಂದೆಯೇ ಹಾರ್ನ್ ಬಾರಿಸತೊಡಗಿದ. ರೊಕ್ಕ ಕೊಟ್ಟು ಕಳಿಸಿದೆವು. ನೀವು ಬಸ್ಸಿಗೇ ಹೋಗಿ.

ಗೈಡ್ ಅಜ್ಜಾರು ಊರಿನವರೇ. ಧೋತರ, ಟೋಪಿ, ಕೈಯಲ್ಲಿ ಬ್ಯಾಟರಿ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲಿಗೆ ಬ್ಯಾಟರಿಯನ್ನು ನೇರ ಬಿಡಲಿಲ್ಲ, ಕಲ್ಲಿಗೆ ತಾಗಿಸಿ ಓರೆ ಹಿಡಿದರು. ಅಲ್ಲಿತನಕ ಸಪಾಟಾಗಿ ಕಂಡ ಬಳ್ಳಿ, ಸುರುಳಿ, ಸಣ್ಣ ಸಣ್ಣ ಗೊಂಬೆಗಳೆಲ್ಲ ನೆರಳು ಚೆಲ್ಲಿ ಎದ್ದು ನಿಂತವು. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇರುವುದನ್ನು ನಾನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ಬಳಪದ ಕಲ್ಲಿನ ಕಂಬದ ಮೇಲೆ ಉಗುರು ಆಡಿಸಿ, ತಿರುಗಿಸಿ ಕಡೆದ ಗೆರೆ ತೋರಿಸಿದರು.

"ಜಕಣಾಚಾರಿ ಕಟ್ಟಿದಾ ಅಂತ ಮಂದಿ ಹೇಳ್ತಾರ್ರೀ ಅಕ್ಕಾರ. ಅದು ಕಥಿ. ಕಥಿ ಬ್ಯಾರೆ, ಶಾಸನ ಬ್ಯಾರೆ."

ಈ ಮಾತಿಗೇ ನಾನು ಪೂರಾ ಅಂಕ ಕೊಟ್ಟಿದ್ದು. ಎಷ್ಟೋ ಕಡೆ ಗೈಡ್‌ಗಳು ಎರಡನ್ನೂ ಕಲಸಿ ಉಣಬಡಿಸುತ್ತಾರೆ. ಹಾಗಂತ ಅಜ್ಜಾರ ಕಥೆಗಳೇನೂ ಸಪ್ಪೆಯಲ್ಲ. ಬ್ರಹ್ಮ ಜಿನಾಲಯದಲ್ಲಿ ಅತ್ತಿಮಬ್ಬೆಯ ಮಾತು ಬಂತು. 1007ರಲ್ಲಿ ಈ ಬಸದಿ ಕಟ್ಟಿಸಿದ್ದು ಆಕೆಯೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದೂ ಆಕೆಯೇ, ಅದೂ ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ! ಜಿನಬಿಂಬ ತಲೆಯ ಮೇಲೆ ಹೊತ್ತು ಗೋದಾವರಿಗೆ ಇಳಿದರೆ ಹೊಳೆಯ ಸೆಳವೇ ನಿಂತಿತಂತೆ. "ಇದೂ ಕಥಿ ಅಲ್ಲೇನ್ರಿ?" ಎಂದು ಕೇಳಿದೆ. ಅಜ್ಜಾರು ನಕ್ಕರು: "ಕಥಿನ ಖರೆ. ಆದ್ರ ಶಾಸನದಾಗೂ ಬರದಾರ್ರೀ, ಏನ್ ಮಾಡೂದು?"

ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರಿನವರು ಹೇಳುವುದು ಕೇಳಿ ನಮ್ಮ ಅತ್ತೆಯವರು ಎಣಿಸಲು ಹೊರಟಿದ್ದರು. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಬರುವಷ್ಟರಲ್ಲಿ ಮೊಣಕಾಲು ಬೇಡ ಅಂದವು. ಮೇಲೆ ನೆರಳಿಗೆ ಕೂತರು. ಮೆಟ್ಟಿಲು ಇಳಿದರೆ ಗೋಡೆಯಲ್ಲಿ ಗೂಡಿನಂಥ ಪುಟ್ಟ ಗುಡಿಗಳು, ಮುಟ್ಟಿದರೆ ತಂಪು ಕಲ್ಲು. ವಯಸ್ಸಾದವರಿದ್ದರೆ ಈ ಬಾವಿಯನ್ನೇ ಮೊದಲು ನೋಡಿಸಿ.

ಒಂದು ತಕರಾರು: ಅಜ್ಜಾರು ರೇಟು ಹೇಳುವುದಿಲ್ಲ, "ನಿಮಗ ತಿಳದಷ್ಟ ಕೊಡ್ರಿ" ಅನ್ನುತ್ತಾರೆ. ಸಂಕೋಚ ನಮಗೆ. ನಾವು 500 ಕೊಟ್ಟೆವು. ಅದಕ್ಕಿಂತ ಕಡಿಮೆ ಕೊಡಬೇಡಿ. ಹನ್ನೆರಡರ ಬಿಸಿಲಿಗೆ ಹೋದರೆ ಗುಡಿ ಮುಂದಿನ ಹಾಸುಗಲ್ಲು ಬರಿಗಾಲು ಸುಡುತ್ತದೆ, ಬೆಳಗ್ಗೆಯೇ ಹೊರಡಿ.