ಬೀದಿ ವಾದಕರ ಜತೆ ನುಡಿಸಲು: ಹೋನರ್ ಸ್ಪೆಷಲ್ 20 ಮೌತ್ ಆರ್ಗನ್

ರಾಜಸ್ಥಾನದ ಜೈಸಲ್ಮೇರ್ ಕೋಟೆಯ ದಾರಿಯಲ್ಲಿ ರಾವಣಹತ್ಥ (ಕಮಾನಿನಿಂದ ನುಡಿಸುವ ತಂತಿವಾದ್ಯ) ನುಡಿಸುವವರ ಜತೆ ಸೇರಲು ಈ 10 ರಂಧ್ರದ ವಾದ್ಯ ಒಳ್ಳೆಯ ಆಯ್ಕೆ. ಜೇಬಿನಲ್ಲಿ ಹಿಡಿಯುತ್ತದೆ. ಒಳಚೌಕಟ್ಟು ಮರದ್ದಾದರೆ ಎಂಜಲು ಹೀರಿ ಉಬ್ಬುತ್ತದೆ; ಇದರದ್ದು ಪ್ಲಾಸ್ಟಿಕ್, ಉಬ್ಬದು.

ಸಿ ಶ್ರುತಿಯದೊಂದೇ ಸಾಕು: ಸಿ ಷಡ್ಜವಾದರೆ ಶಂಕರಾಭರಣ, ಜಿ ಆದರೆ ಹರಿಕಾಂಭೋಜಿ, ಡಿ ಆದರೆ ಖರಹರಪ್ರಿಯದ ಸ್ವರಗಳು. ಆದರೆ 4ನೇ ರಂಧ್ರದಿಂದ ಕೆಳಗೆ ಎಫ್, ಎ ನೇರವಾಗಿ ಸಿಗುವುದಿಲ್ಲ. 4ರಿಂದ 7ರೊಳಗೇ ಇರಿ.

ದೊಡ್ಡ ತೊಡಕು ಶ್ರುತಿಯದೇ. ರಾವಣಹತ್ಥ ನುಡಿಸುವವರು ಸಾಮಾನ್ಯವಾಗಿ ಹಾಡುವ ಕಂಠಕ್ಕೆ ತಂತಿ ಬಿಗಿದಿರುತ್ತಾರೆ. ಆ ಶ್ರುತಿ ನಿಮ್ಮದಕ್ಕಿಂತ ಕೂದಲೆಳೆಯಷ್ಟು ತಗ್ಗಿದ್ದರೆ ಉಸಿರೆಳೆಯುವ ಸ್ವರಗಳನ್ನು ಬಗ್ಗಿಸಿ (ತುಸು ತಗ್ಗಿಸಿ) ಹೊಂದಿಸಬಹುದು, ಏರಿದ್ದರೆ ಆಗದು. ಅವರ ವಾದ್ಯದಲ್ಲಿ ಕುದುರೆ ಕೂದಲಿನ ತಂತಿಯ ಜತೆ ಅನುರಣನದ (ತಾವಾಗಿಯೇ ಮಿಡಿಯುವ) ತಂತಿಗಳೂ ಸಾಲಾಗಿವೆ, ಹಾಗಾಗಿ 'ಶ್ರುತಿ ಬದಲಿಸಿ' ಎಂದು ಕೇಳಲೇಬೇಡಿ. ಕಮಾನಿನ ಗೆಜ್ಜೆ ಝಲ್ಲೆಂದಾಗ ಷಡ್ಜ, ಪಂಚಮ ಮೆಲ್ಲಗೆ ಹಿಡಿಯಿರಿ. ಅಷ್ಟಕ್ಕೇ ಎಷ್ಟು ತುಂಬಿಕೊಳ್ಳುತ್ತದೆ!

ಚಹಾ ಕುಡಿದ ಬಾಯಲ್ಲೇ ಊದಿದರೆ ಸಕ್ಕರೆ ರೀಡಿಗೆ (ಒಳಗೆ ಕಂಪಿಸುವ ಲೋಹದ ನಾಲಗೆಗೆ) ಅಂಟಿ ಸ್ವರ ಕಟ್ಟುತ್ತದೆ, ಬಾಯಿ ಮುಕ್ಕಳಿಸಿ. ಮರಳು ಹೊಕ್ಕರೆ ರಂಧ್ರ ಕೆಳಗೆ ಮಾಡಿ ಅಂಗೈಗೆ ತಟ್ಟಿ. ಬಿದ್ದ ಕಾಸೆಲ್ಲ ಅವರದೇ.